ರಾಚಯ್ಯನವರ ಗಂಟೆ

"ಭೂಮಿ ಅಲುಗಾಡೂಕಿಂತ ಮೊದಲೇ ಬಾರಿಸಬೇಕು ನೋಡು ವಿಶ್ವನಾಥಪ್ಪಾ. ಅಲುಗಾಡಿದ ಮ್ಯಾಲ ಬಾರಿಸೂದಾದ್ರ ಗಂಟಿ ಯಾಕ ಬೇಕು? ನಮ್ಮ ಎಮ್ಮಿನೂ ಒದರ್ತದ."

ರಾಚಯ್ಯನವರು ಇದನ್ನು ಹೇಳಿದ್ದು ಉಮರ್ಗಾದ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ನಮ್ಮ ಅಂಗಡಿಯಲ್ಲಿ, ಒಂದು ಕಾಲು ಗಿಡ್ಡವಾಗಿದ್ದ ಸ್ಟೂಲಿನ ಮೇಲೆ ತೂಗಾಡುತ್ತ ಕೂತು. ಅವರು ಲೋಹಾರಾ ಕಡೆಯ ಒಂದು ಹಳ್ಳಿಯ ಒಕ್ಕಲುತನದವರು. ಅವರ ಹಳೆಯ ಊರು ಲಾತೂರಿನ ಭೂಕಂಪದಲ್ಲಿ ಕಲ್ಲಿನ ಗುಪ್ಪೆಯಾಗಿತ್ತು. ಈಗ ಊರೆಂದರೆ ಸ್ವಲ್ಪ ದೂರದಲ್ಲಿ ಹೊಸದಾಗಿ ಕಟ್ಟಿಕೊಟ್ಟಿದ್ದ ಸ್ಲ್ಯಾಬಿನ ಮನೆಗಳ ಸಾಲು.

"ಅಯ್ಯನೋರೆ," ಅಂದೆ, "ಗಣಪ್ಪನ್ನ ನೀರಿಗಿ ಬಿಟ್ಟು ಬಂದು ಮಲಗಿದ ರಾತ್ರಿನೇ ಆಯ್ತಲ್ಲ ಅದು. ಗಣಪ್ಪನೇ ಮೊದಲ ಹೇಳಲಿಲ್ಲ. ನಾ ರೇಡಿಯೋ ರಿಪೇರಿ ಮಾಡಾಂವ, ನಾ ಎಲ್ಲಿಂದ ಹೇಳ್ಲಿ?"

"ಹಂಗಾರ ಅಲುಗಾಡಿದ ಕೂಡ್ಲೇ ಬಾರಿಸಲಿ. ಆದ್ರ ಜೋರ್ ಬಾರಿಸಲಿ. ನಿಮ್ಮ ಕಾಕು ಮನಿ ಒಳಗ ಮಲಗಬೇಕು, ಇಷ್ಟೇ ನನ್ನ ಮಾತು."

ನಮ್ಮ ಕಡೆ ಹಿರಿಯ ಹೆಂಗಸರಿಗೆಲ್ಲ ಕಾಕು ಎನ್ನುತ್ತಾರೆ; ಇಲ್ಲಿ ಕಾಕು ಎಂದರೆ ಅವರ ಹೆಂಡತಿ ಕಸ್ತೂರಬಾಯಿ. ಭೂಕಂಪವಾಗಿ ನಾಲ್ಕು ವರ್ಷ ಕಳೆದಿದ್ದರೂ ಆಕೆ ಸ್ಲ್ಯಾಬಿನ ಕೆಳಗೆ ಒಂದು ರಾತ್ರಿಯೂ ಮಲಗಿರಲಿಲ್ಲ. ಹೊಸ ಮನೆಯಲ್ಲಿ ಜೋಳದ ಚೀಲ, ಬೇವಿನ ಸೊಪ್ಪು, ದೇವರು. ಮನುಷ್ಯರು ಮಾತ್ರ ಪಕ್ಕದ ತಗಡಿನ ಶೆಡ್ಡಿನಲ್ಲಿ. ಶೆಡ್ಡಿನ ಮೂಲೆಯಲ್ಲಿ ಬೋರಲಾಗಿಸಿದ ತಂಬಿಗೆಯ ಮೇಲೆ ಕೊಡ, ಕೊಡದ ಮೇಲೆ ಚರಿಗೆ, ಅದರ ಮೇಲೆ ಇನ್ನೊಂದು, ಹೀಗೆ ಒಂದರ ಮೇಲೊಂದು ಪಾತ್ರೆ ಒಟ್ಟಿರುತ್ತಿತ್ತು. ನೆಲ ಜರಾ ನಡುಗಿದರೂ ಅದು ಉರುಳಿ ಸದ್ದಾಗುತ್ತದೆ, ಮಲಗಿದವರು ಎದ್ದು ಓಡಬಹುದು ಎಂಬ ಲೆಕ್ಕ. ಆ ಕಾಲಕ್ಕೆ ನಮ್ಮ ಕಡೆ ಇಂಥ ಒಟ್ಟು ಇರದ ಮನೆ ಕಡಿಮೆ.

ಅದಕ್ಕೇನೂ ಯಾರ ತಕರಾರೂ ಇರಲಿಲ್ಲ. ಆದರೆ ಒಬ್ಬಳೇ ಮಗಳು ಜಯಮಾಲಾ ಬಸುರಿಯಾದಳು. ಉದಗೀರದ ಬಟ್ಟೆ ಅಂಗಡಿಯ ಮನೆತನಕ್ಕೆ ಕೊಟ್ಟಿದ್ದರು. ಕುಬಸದ ದಿನ ಬೀಗತಿ ಭಾಗೀರಥಿಬಾಯಿ, ಮಡಿಲು ತುಂಬಿಸುವಾಗಲೇ ಎಲ್ಲರೆದುರು ಹೇಳಿಬಿಟ್ಟರಂತೆ: "ತಗಡಿನ ಶೆಡ್ಡಿನ್ಯಾಗ ನನ್ನ ಸೊಸಿ ಬಾಣಂತನ ಮಾಡ್ಕೊಳ್ಳಂಗಿಲ್ಲ. ಬಿಸಲಿಗಿ ಕೂಸು ಬೇಯ್ತದ, ಥಂಡಿಗಿ ನಡುಗ್ತದ. ಸ್ಲ್ಯಾಬಿನ ಮನಿ ಅದಲ್ಲ? ಅದರಾಗ ಇಟ್ಕೋತೀವಿ ಅಂದ್ರ ಕಳಸ್ತೀನಿ. ಇಲ್ಲಂದ್ರ ಉದಗೀರದಾಗೇ ಆಗ್ಲಿ."

ಚೊಚ್ಚಲ ಬಾಣಂತನ ತವರಿನಲ್ಲಿ ಆಗಲಿಲ್ಲ ಎಂಬ ಮಾತನ್ನು ತಾಯಿಯಾದವಳು ಸಾಯುವ ತನಕ ಕೇಳಬೇಕಾಗುತ್ತದೆ. ಕಸ್ತೂರಬಾಯಿ ಊಟ ಬಿಟ್ಟಿದ್ದರು. ಒಳಗೆ ಮಲಗಲೂ ಒಲ್ಲರು, ಮಗಳನ್ನು ಬಿಡಲೂ ಒಲ್ಲರು. ಹೀಗಾಗಿ ರಾಚಯ್ಯನವರು ಬಸ್ ಹತ್ತಿ ನಮ್ಮ ಅಂಗಡಿಗೆ ಬಂದಿದ್ದರು.

ನಮ್ಮ ಅಂಗಡಿ ಎಂದೆ. ಪಾಲುದಾರ ಕೈಲಾಸ ನಿಲಂಗಾದವನು, ಲಾತೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದವನು. ನಾನು ಕಾಳಿನ ವ್ಯಾಪಾರಿಯ ಮಗ. ಅಪ್ಪನ ಅಂಗಡಿಯ ರೇಡಿಯೋ ಬಿಚ್ಚಿ, ಮುಚ್ಚಲು ಬಾರದೆ ಏಟು ತಿಂದು, ಮುಚ್ಚಲು ಬರುವ ತನಕ ಬಿಚ್ಚುತ್ತಲೇ ಹೋದವನು. ನನ್ನ ವಿದ್ಯೆ ಅಷ್ಟೇ. ಅಂಗಡಿಯಲ್ಲಿ ಒಂದೇ ಒಂದು ಕಂಪ್ಯೂಟರು. ಅದಕ್ಕೆ ಕೈಲಾಸನ ತಾಯಿ ಹೊಲಿದುಕೊಟ್ಟ ಹೂವಿನ ಗವಸು. ಅಮಾವಾಸ್ಯೆಗೆ ಅದಕ್ಕೂ ಊದಿನಕಡ್ಡಿ. ಈಗ ಆ ಜಾಗದಲ್ಲಿ ಮೊಬೈಲಿನ ಅಂಗಡಿ ಬಂದಿದೆ, ಗಾಜಿನ ಬಾಗಿಲು, ಒಳಗೆ ಥಂಡಿ ಗಾಳಿ. ಅದರ ಮುಂದೆ ಹಾದುಹೋಗುವಾಗ ಈಗಲೂ ನನ್ನ ಮೂಗಿಗೆ ಬೆಸುಗೆಯ ಹೊಗೆ ಬರುತ್ತದೆ.

ಕೈಲಾಸನ ಹತ್ತಿರ ಪ್ರೋಗ್ರಾಮ್ ಮಾಡುವುದನ್ನು ಕಲಿಸುವ ದಪ್ಪ ಪುಸ್ತಕವೊಂದಿತ್ತು. ಗಿರಾಕಿ ಬೇಕು ಎಂದದ್ದು ಅವನಿಗೆ ನಿಜವಾಗಿ ಬೇಕಾದದ್ದೇ ಹೌದೋ ಅಲ್ಲವೋ ಎಂದು ಕೆಲಸಕ್ಕೆ ಕೈ ಹಾಕುವ ಮೊದಲೇ ಒರೆಗೆ ಹಚ್ಚಿ ನೋಡಬೇಕು ಎಂದು ಅದರಲ್ಲಿ ಬರೆದಿತ್ತಂತೆ. ಗಿರಾಕಿಯ ಮಾತನ್ನು ಅವನಿಗೇ ತಿರುಗಿಸಿ ಓದಿ ಹೇಳಿ, ಹೌದು ಅನಿಸಿಕೊಳ್ಳಬೇಕು. ನಮಗೆ ಆಗ ಪ್ರೋಗ್ರಾಮ್ ಮಾಡಿಸುವ ಗಿರಾಕಿ ಒಬ್ಬರೂ ಇರಲಿಲ್ಲ. ಹೀಗಾಗಿ ಕೈಲಾಸ ತನ್ನ ಶಾಸ್ತ್ರವನ್ನು ಟಿವಿ ರಿಪೇರಿಗೆ ಬಂದವರ ಮೇಲೆ ಪ್ರಯೋಗಿಸುತ್ತಿದ್ದ.

"ಓದ್ತೀನಿ, ಕೇಳ್ರೀ," ಅಂದ ಕೈಲಾಸ, ರಾಚಯ್ಯನವರ ಮಾತನ್ನು ಕಾಗದದ ಮೇಲೆ ಬರೆದು ಪೆನ್ನು ಮುಚ್ಚಿ. "ನೆಲ ಅಲುಗಾಡಿದ ತಕ್ಷಣ ಗಂಟಿ ಬಾರಿಸಬೇಕು. ಕರೆಂಟ್ ಹೋದರೂ ಬಾರಿಸಬೇಕು. ಮಲಗಿದವರಿಗಿ ಎಚ್ಚರ ಆಗಬೇಕು. ಹೌದಲ್ಲ?"

"ಹೌದು."

"ಮನ್ಯಾಗಿನ ಉಳದವರನ್ನೂ ಒಂದು ಮಾತು ಕೇಳೋಣೇನ್ರೀ?"

ರಾಚಯ್ಯನವರು ಸ್ಟೂಲಿನ ಮೇಲೆ ತೂಗಾಡುವುದನ್ನು ನಿಲ್ಲಿಸಿದರು. "ನಾ ಅಂದ್ರ ಮನಿ ಅಲ್ಲೇನು? ಆಕಿಗಿ ಹೆದರಿಕಿ, ಹೆದರಿಕಿಗಿ ಗಂಟಿ. ಇದರಾಗ ಕೇಳೂದೇನದ?"

"ಬರ್, ಆಯ್ತು ಬಿಡ್ರೀ," ಅಂದೆ ನಾನು, ಕೈಲಾಸನ ಕಾಲು ತುಳಿದು. ಆ ಪಾತ್ರೆಗಳ ಒಟ್ಟನ್ನು ನಾನೂ ನೋಡಿದ್ದೆ. ಹೆಂಗಸರು ಪಾತ್ರೆ ಒಟ್ಟಿದ್ದಾರೆ ಅಂದರೆ ಅವರಿಗೆ ಬೇಕಾಗಿರುವುದು ಸದ್ದು. ಅದಕ್ಕಿಂತ ಒಳ್ಳೆಯ ಸದ್ದು ನಾವು ಮಾಡಿಕೊಟ್ಟರೆ ಕೆಲಸ ಮುಗಿಯಿತು. ಇಷ್ಟು ಸೀದಾ ವಿಷಯಕ್ಕೆ ಪುಸ್ತಕ ಯಾಕೆ?

ಒಂದು ಬಿಸ್ಕಿಟಿನ ಡಬ್ಬಿಯಲ್ಲಿ ತಂತಿಗೆ ಸೀಸದ ಗುಂಡು ತೂಗುಬಿಟ್ಟೆ. ಸುತ್ತಲೂ ತಾಮ್ರದ ಬಳೆ. ಗುಂಡು ಅಲುಗಿ ಬಳೆಗೆ ತಾಕಿದರೆ ಗಂಟೆ. ಸ್ಕೂಟರಿನ ಹಳೆಯ ಬ್ಯಾಟರಿ, ಮುಚ್ಚಿಹೋದ ಟಾಕೀಸಿನ ಇಂಟರ್ವಲ್ ಗಂಟೆ. ಆ ಗಂಟೆಯ ದನಿ ಕೇಳಿದ್ದವರಿಗೆ ಈಗಲೂ ಶೇಂಗಾ ನೆನಪಾಗುತ್ತದೆ.

ಅದನ್ನು ರಾಚಯ್ಯನವರ ಹೊಸ ಮನೆಯ ಗೋಡೆಗೆ ಹಚ್ಚಿದ ದಿನ ಊರೆಲ್ಲ ನೋಡಲು ಬಂದಿತ್ತು. ನಾನು ಸ್ವಿಚ್ಚು ಹಾಕಿದೆ. ಕೈಲಾಸ ನೆಲ ಗುದ್ದಿದ. ಗಂಟೆ ಬಾರಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತರೂ ಗಂಟೆ ನಿಲ್ಲಲಿಲ್ಲ. ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿತ್ತು. ಅದು ಹೋದಮೇಲೆ ಜನ ಚದುರಿದರು, ನಾವು ಚಹಾಕ್ಕೆ ಕೂತೆವು, ಮತ್ತೆ ಬಾರಿಸಿತು. ಪಕ್ಕದ ಮನೆಯ ರಂಭಾಬಾಯಿ ಖಾರ ಕುಟ್ಟುತ್ತಿದ್ದರು.

"ಕಾಕು, ಜರಾ ಹಗೂರಕ ಕುಟ್ಟ್ರೀ," ಅಂತ ಕೈಲಾಸ ಕೈ ಮುಗಿದ.

"ಯಾಕ ಹಗೂರಕ? ಹಗೂರಕ ಕುಟ್ಟಿದ್ರ ಖಾರ ಆಗ್ತದೇನ, ಭಸ್ಮ ಆಗ್ತದ!" ರಂಭಾಬಾಯಿ ಒನಕೆ ಎತ್ತಿದವರು ಎತ್ತಿದಂತೆಯೇ ನಿಂತರು. "ನಿಮ್ಮ ಗಂಟಿ ಸಲುವಾಗಿ ಇಡೀ ಓಣಿ ಸಪ್ಪನ್ನ ಊಟ ಮಾಡಬೇಕೇನು? ಇದು ಭೂಕಂಪದ ಗಂಟಿನೋ, ನನ್ನ ಒನಕಿ ಗಂಟಿನೋ?"

ಮೊದಲನೆಯ ಸಲ ಬಾರಿಸಿದಾಗ ಓಣಿ ಪೂರಾ ಹೊರಗೆ ಓಡಿ ಬಂದಿತ್ತು. ಆಮೇಲೆ ಅರ್ಧ ಓಣಿ. ಸಂಜೆಯ ಹೊತ್ತಿಗೆ ಗಂಟೆ ಎಷ್ಟೇ ಒದರಿದರೂ ಒಂದು ಕೋಳಿಯೂ ಕತ್ತೆತ್ತಲಿಲ್ಲ.

"ಯಾವಾಗ ಬಾರಿಸಬೇಕು ಅಂತ ಕೇಳಿದ್ವಿ," ಅಂದ ಕೈಲಾಸ ತಲೆ ಕೆರೆದುಕೊಂಡು, "ಯಾವಾಗ ಬಾರಿಸಬಾರದು ಅಂತ ಕೇಳಲಿಲ್ಲ."

ಬಳೆಯನ್ನು ದೊಡ್ಡದು ಮಾಡಿದೆ, ಡಬ್ಬಿಯನ್ನು ಗೋಡೆಯಿಂದ ತೆಗೆದು ನೆಲದಲ್ಲಿ ಹೂತೆ. ಇನ್ನೊಂದು ಸಲ ಬಂದು ಇನ್ನಷ್ಟು ತಿದ್ದಿದೆ. ಕೊನೆಗೆ ಅದು ಒನಕೆಗೂ ಟ್ರ್ಯಾಕ್ಟರಿಗೂ ಜಗ್ಗದೆ, ನಾಲ್ಕು ಜನ ಸೇರಿ ಕಲ್ಲು ಎತ್ತಿ ಒಗೆದರೆ ಮಾತ್ರ ಬಾರಿಸತೊಡಗಿತು. ನಮ್ಮ ಕಾಗದದಲ್ಲಿ ಬರೆದದ್ದೆಲ್ಲ ಅಕ್ಷರಶಃ ಆಗಿತ್ತು. ರಾಚಯ್ಯನವರು ಖುಷಿಯಾಗಿ ನಮಗೆ ಪೇಟ ಸುತ್ತಿದರು.

ಮುಂದಿನ ವಾರ, ಪೇಟ ಸುತ್ತಿದ್ದ ಅದೇ ಮನುಷ್ಯ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. "ಆಕಿ ಇನ್ನೂ ಶೆಡ್ಡಿನಾಗೇ ಮಲಗ್ತಾಳ. ಗಂಟಿ ಹಚ್ಚಿಸೀನಿ, ಇನ್ನೇನು ಬೇಕು ಆಕಿಗಿ?"

"ನಮಗೇನು ಗೊತ್ತರೀ?" ಅಂದ ಕೈಲಾಸ. ನಂತರ ನನ್ನ ಕಡೆ ನೋಡಿ, ಕಾಲು ಹಿಂದಕ್ಕೆ ಎಳೆದುಕೊಂಡು, ಅಂದ: "ಕೇಳೇ ಇಲ್ಲಲ್ಲ."

ನಾವು ಹೋದಾಗ ಮಧ್ಯಾಹ್ನ. ರಾಚಯ್ಯನವರು ಎತ್ತು ಕಟ್ಟಲು ಹೊಲಕ್ಕೆ ಹೋದರು. ಕಸ್ತೂರಬಾಯಿ ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿದರು. ಬಡಿಸುವಾಗಲೂ ಶೆಡ್ಡಿನ ಬಾಗಿಲಿಗೆ ಬೆನ್ನು ಮಾಡುತ್ತಿರಲಿಲ್ಲ. ಅದನ್ನು ಕೈಲಾಸ ನೋಡಿದ, ನಾನು ಆಮೇಲೆ ನೋಡಿದೆ.

"ಕಾಕು," ಅಂದೆ, "ಗಂಟಿ ಸರಿ ಇಲ್ಲೇನ್ರೀ?"

"ಛಲೋ ಅದ ತಮ್ಮಾ. ಭಾಳ ಛಲೋ ಬಾರಿಸ್ತದ."

"ಮತ್ತ ನೀವ್ಯಾಕ ಒಳಗ ಮಲಗವಲ್ರಿ?"

"ನೀವು ಗಂಟಿ ಹಚ್ಚೀರಿ. ನಾ ಗಂಟಿ ಕೇಳಿದ್ನೇನು?"

ಕೈಲಾಸ ಮೂಲೆಯಲ್ಲಿದ್ದ ಪಾತ್ರೆಗಳ ಒಟ್ಟಿನ ಕಡೆ ಬೆರಳು ಮಾಡಿದ. "ಮತ್ತ ಇದರೀ? ದಿನಾ ಒಟ್ಟತೀರಲ್ಲ?"

ಕಸ್ತೂರಬಾಯಿ ನಕ್ಕುಬಿಟ್ಟರು. ಆ ಮನೆಯಲ್ಲಿ ನಾನು ಆಕೆಯ ನಗೆ ಕೇಳಿದ್ದು ಅದೇ ಮೊದಲು. "ಅದಾ? ಅದು ನಿಮ್ಮ ಅಯ್ಯನೋರ ಆಟ. ನಾ ತಿಕ್ಕಿ ತೊಳದು ಹಲಗಿ ಮ್ಯಾಲ ಜೋಡಸ್ತೀನಿ, ಅವರು ಮಲಗೂ ಮುಂದ ಎಲ್ಲಾ ಇಳಿಸಿ ಒಟ್ಟತಾರ. ಮುಂಜಾನಿ ನೀರು ತರಬೇಕಂದ್ರ ಗೋಪುರ ಕೆಡವಬೇಕು ನಾನು."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಪಾತ್ರೆ ಅಂದರೆ ಹೆಂಗಸಿನದು ಎಂದುಕೊಂಡೇ ನಾವು ಇಲ್ಲಿಯ ತನಕ ಬಂದಿದ್ದೆವು.

"ಅವರು ಆ ರಾತ್ರಿ ಹೊಲದಾಗ ಇದ್ರು, ಕಾವಲಕ್ಕ," ಅಂದರು ಕಸ್ತೂರಬಾಯಿ, ನಗೆ ಇನ್ನೂ ಪೂರ್ತಿ ಆರಿರದ ದನಿಯಲ್ಲಿ. "ಜಯಮಾಲಾ ವಲಾಂಡಿಗಿ, ನನ್ನ ತಮ್ಮನ ಮನಿಗಿ ಹೋಗಿದ್ಳು. ನೆಲ ಅಲುಗಿದ್ದು ಅವರಿಗಿ ಗೊತ್ತಾಯ್ತು. ಆದ್ರ ಊರು ಬಿದ್ದದ್ದು ಗೊತ್ತಾಗಲಿಲ್ಲ. ಕತ್ತಲಿ, ಮಳಿ. ಬೆಳಕಾದ ಮ್ಯಾಲ ನಡಕೋತ ಬಂದ್ರು. ಓಡಿ ಬರಲಿಲ್ಲ ನೋಡು, ನಡಕೋತ ಬಂದ್ರು, ಬಾಯಾಗ ಬೇವಿನಕಡ್ಡಿ ಇತ್ತು. ಯಾರರೆ ಒಂದು ಗಂಟಿ ಬಾರಿಸಿದ್ರ ಓಡಿ ಬರ್ತಿದ್ದೆ ಅಂತ ಈಗಲೂ ನಿದ್ದಿಗಣ್ಣಾಗ ಅಂತಿರ್ತಾರ. ಗಂಟಿ ಅವರದು ತಮ್ಮಾ."

"ಮತ್ತ ನಿಮಗ?"

ಆಕೆ ಸ್ವಲ್ಪ ಹೊತ್ತು ರೊಟ್ಟಿಯ ಬುಟ್ಟಿ ಮುಚ್ಚಿ, ತೆಗೆದು, ಮತ್ತೆ ಮುಚ್ಚಿದರು.

"ನಮ್ಮತ್ತಿ ಪ್ರಯಾಗಬಾಯಿ ಎಚ್ಚರಿದ್ರು. ನಸಕಿನ್ಯಾಗ ಎದ್ದು ಲಿಂಗಪೂಜಿ ಮಾಡಾಕಿ ಆಕಿ. ನಾ ಹಿತ್ತಲದಾಗ. ಒಳಕೋಣಿ ಬಾಗಿಲಾ ಹಾಕ್ಕೊಂಡು ಕುಂತಿದ್ರು, ದೀಪ ಗಾಳಿಗಿ ಆರ್ತದಂತ. ಅಲುಗಿದ್ದೇ ತಡ ನಾ ಒಳಗ ಓಡಿ ಬಂದೆ. ಅವರು ಅಗಳಿ ತಗದಾರ, ಆದ್ರ ಬಾಗಿಲಾ ಬರವಲ್ದು. ಚೌಕಟ್ಟು ಬಾಗಿ ಬಿಟ್ಟದ. ನಾ ಈ ಕಡಿಂದ ನೂಕ್ತೀನಿ, ಅವರು ಆ ಕಡಿಂದ ಜಗ್ಗತಾರ. ನೀ ಹೊರಗ ನಡಿ ಕಸ್ತೂರಿ, ಅಂದ್ರು. ದನಿಯಾಗ ಸಿಟ್ಟಿತ್ತು, ಹೆದರಿಕಿ ಇದ್ದಿಲ್ಲ. ದಿನಾ ಬೈತಿದ್ದರಲ್ಲ, ಹಂಗೇ." ಬುಟ್ಟಿ ಮುಚ್ಚಿದರು. "ಗಂಟಿ ಬಾರಿಸಿದ್ರ ಏನು ಮಾಡೂದು ತಮ್ಮಾ? ಎಚ್ಚರಿದ್ದಾಕಿಗಿ ಗಂಟಿ ಯಾಕ?"

ಕೈಲಾಸ ಜೇಬಿನಿಂದ ಪೆನ್ನು ತೆಗೆದ. ತೆಗೆಯಬಾರದಿತ್ತು ಎನ್ನಿಸಿತು ನನಗೆ. ಆದರೆ ಅವನು ಬರೆಯಲಿಲ್ಲ, ಸುಮ್ಮನೆ ಹಿಡಿದುಕೊಂಡು ಕೇಳಿದ: "ನಾ ಅಂದದ್ದು ಸರಿ ಅದನೋ ಇಲ್ಲೋ ಹೇಳ್ರೀ ಕಾಕು. ಮನಿಗಿ ಬಾಗಿಲಾ ಇರಬಾರದು."

"ಅಯ್ಯ, ಹಂಗಲ್ಲ! ಬಾಗಿಲಾ ಇಲ್ಲದ ಕೋಣ್ಯಾಗ ಬಾಣಂತಿನ್ನ ಹ್ಯಾಂಗ ಇಡ್ಲಿ? ಗಾಳಿ ಬಡೀತದ. ಕೂಸಿಗಿ ಬೆಚ್ಚಗ ಬೇಕು, ಹೊಗಿ ಹಾಕಬೇಕು, ಮಂದಿ ಕಣ್ಣು ಬೀಳಬಾರದು. ಮುಚ್ಚಿರಬೇಕು. ಆದ್ರ ಹಿಡೀಬಾರದು."

"ಮುಚ್ಚಿರಬೇಕು, ಹಿಡೀಬಾರದು," ಎಂದು ಕೈಲಾಸ ಹೇಳಿಕೊಂಡ.

"ಹಾಂ. ಅಷ್ಟೇ."

ಅದೇ ನಮ್ಮ ಕಂಪನಿಯ ಮೊದಲ ಸರಿಯಾದ ವಾಕ್ಯ. ಮುಂದೆ ನಾವು ಪ್ರೋಗ್ರಾಮ್ ಮಾಡುವವರಾದಮೇಲೆ, ನಿಲಂಗಾದ ಹಾಲಿನ ಸಂಘಕ್ಕೆ, ಶಿರೂರ ಅನಂತಪಾಳದ ಬೀಜದ ಅಂಗಡಿಗೆ, ಉದಗೀರದ ಬೇಳೆ ಗಿರಣಿಗೆ ಹೋದಾಗೆಲ್ಲ ಮಾಲೀಕ ಗಾದಿಯ ಮೇಲೆ ಕೂತು ನನಗೆ ಅದು ಬೇಕು, ಇದು ಬೇಕು ಎನ್ನುತ್ತಿದ್ದ. ನಾವು ಚಹಾ ಕುಡಿದು, "ಈ ಕಂಪ್ಯೂಟರ ಮುಂದ ದಿನಾ ಕೂಡವರು ಯಾರ್ರೀ? ಅವರನ್ನ ಕರೀರಿ," ಎನ್ನುತ್ತಿದ್ದೆವು. ಮಾಲೀಕನಿಗೆ ಸಿಟ್ಟು ಬರುತ್ತಿತ್ತು. ನನಗೆ ಪ್ರತಿ ಸಲವೂ ರೊಟ್ಟಿಯ ಬುಟ್ಟಿ ಕಾಣುತ್ತಿತ್ತು.

ಆ ಮಧ್ಯಾಹ್ನ, ಒಳಕೋಣೆಯ ಬಾಗಿಲನ್ನು ಹೊರಗೆ ತೆರೆಯುವಂತೆ ತಿರುಗಿಸಿ ಕೂಡಿಸೋಣ ಎಂದೆ ನಾನು. ಕಸ್ತೂರಬಾಯಿ ಒಪ್ಪಲಿಲ್ಲ; ಚೌಕಟ್ಟು ಬಾಗಿದರೆ ಹೊರಗೇನು, ಒಳಗೇನು. ಜೊತೆಗೆ, ಹೊರಗೆ ತೆರೆಯುವ ಬಾಗಿಲಿನಿಂದ ಲಕ್ಷ್ಮಿ ಹೊರಗೆ ನಡೆಯುತ್ತಾಳೆ ಎಂದು ಉದಗೀರದ ಬೀಗತಿ ಇನ್ನೊಂದು ವರಾತ ತೆಗೆಯುತ್ತಾರೆ. ಆಗ ಆಕೆಯೇ ಅಂದರು: "ಕೌದಿ ಹಾಕಿದ್ರ?"

ಹಳೆ ಸೀರೆಗಳನ್ನು ಪದರ ಪದರ ಇಟ್ಟು ಹೊಲಿದ ಕೌದಿ. ದಪ್ಪಗೆ ಹೊಲಿದರೆ ಗಾಳಿ ಬಾರದು. ಯಾವ ಚೌಕಟ್ಟು ಹೇಗೆ ಬಾಗಿದರೂ ಅದನ್ನು ಹಿಡಿದಿಡಲು ಬಾರದು.

"ಹೊಲಿಯೂಕಿಂತ ಮೊದಲ ಒಂದು ಸುಳ್ಳು ಬಾಗಿಲಾ ಕಟ್ಟಿ ನೋಡೋಣ್ರೀ," ಅಂದ ಕೈಲಾಸ. ಒಳಕೋಣೆಯ ಬಾಗಿಲನ್ನು ಕೀಲಿನಿಂದ ಕಳಚಿದೆವು. ಗೋಣಿಚೀಲ ಬಿಚ್ಚಿ ಮೊಳೆ ಹೊಡೆದೆವು. ಕಸ್ತೂರಬಾಯಿ ಒಳಗೆ ಹೋಗಿ ಚಾಪೆಯ ಮೇಲೆ ಮಲಗಿದರು, ಕಣ್ಣು ಮುಚ್ಚಿದರು, ಒಮ್ಮೆಲೇ ಎದ್ದು ಕಣ್ಣು ತೆರೆಯದೆಯೇ ಗೋಣಿ ದೂಡಿಕೊಂಡು ಹೊರಗೆ ಬಂದರು. ಮತ್ತೆ ಒಳಗೆ. ಮತ್ತೆ ಹೊರಗೆ. ಹೊಲದಿಂದ ಬಂದ ರಾಚಯ್ಯನವರು ಎತ್ತಿನ ಹಗ್ಗ ಹಿಡಿದುಕೊಂಡೇ ನಿಂತು ನೋಡಿದರು. ಮೂರನೆಯದೋ ನಾಲ್ಕನೆಯದೋ ಸಲ ಕಸ್ತೂರಬಾಯಿ ಒಳಗೆ ಹೋದವರು ಹೊರಗೆ ಬರಲಿಲ್ಲ. ನಾವು ಕಾದೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸಣ್ಣ ಗೊರಕೆ ಕೇಳಿಸಿತು.

ರಾಚಯ್ಯನವರು ಹಗ್ಗವನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತರು.

ಕೌದಿಯನ್ನು ಪ್ರಯಾಗಬಾಯಿಯವರ ಸೀರೆಗಳಿಂದಲೇ ಹೊಲಿದರು. ಕಲ್ಲುಮಣ್ಣಿನೊಳಗಿಂದ ಸಿಕ್ಕಿದ್ದ ಸೀರೆಗಳು. ಎಷ್ಟು ಒಗೆದರೂ ಅಂಚಿನಲ್ಲಿ ಮಣ್ಣಿನ ಬಣ್ಣ ಉಳಿದಿತ್ತು. ಹೊಲಿಯಲು ರಂಭಾಬಾಯಿಯೂ ಕೂತರು, ಒನಕೆಯ ಸಿಟ್ಟು ಮರೆತು.

ಭಾಗೀರಥಿಬಾಯಿ ಸೊಸೆಯನ್ನು ತಾವೇ ಕರೆದುಕೊಂಡು ಬಂದರು. ಪರೀಕ್ಷೆಗೆ ಎಂದೇ ಬಂದದ್ದು. ಕೌದಿ ಎತ್ತಿ ನೋಡಿದರು, ಇಳಿಸಿದರು, ಒಳಗೆ ಹೋಗಿ ಬಾಣಂತಿಯ ಹೊರಸಿನ ಮೇಲೆ ತಾವೇ ಅಡ್ಡಾಗಿ, ಗಾಳಿ ಎಲ್ಲಿಂದ ಬರುತ್ತದೋ ಎಂದು ಅಂಗೈ ತಿರುಗಿಸಿ ತಿರುಗಿಸಿ ನೋಡಿದರು.

"ಗಾಳಿ ಬರಂಗಿಲ್ಲ, ಖರೇ," ಅಂದರು ಎದ್ದು. "ಆದ್ರ ಕಳ್ಳ ಬರ್ತಾನ."

"ಹೊರಗಿನ ಬಾಗಿಲಾ ತೆರದೇ ಇಟ್ಟು ನನ್ನ ಹೊರಸು ಅಡ್ಡ ಹಾಕೀನ್ರೀ ಬೀಗತಿ," ಅಂದರು ರಾಚಯ್ಯನವರು. "ಈ ಮನಿಗಿ ನಾನೇ ಅಗಳಿ."

"ಗೊರಕಿ ಹೊಡಿಯೂ ಅಗಳಿ," ಎಂದಳು ಜಯಮಾಲಾ.

ಬೀಗತಿ ನಗಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡರು. ಸೊಸೆಯ ಟ್ರಂಕು ಅಲ್ಲೇ ಉಳಿಯಿತು.

ಹೆಣ್ಣು ಮಗು. ತೊಟ್ಟಿಲಿಗೆ ಹಾಕುವ ದಿನ ನಮಗೂ ಕರೆ ಬಂತು. ಕೈಲಾಸ ನಿಲಂಗಾದಿಂದ ಪೇಡೆ ತಂದಿದ್ದ. ಹೆಂಗಸರು ಒಳಗೆ ಗದ್ದಲ ಹಚ್ಚಿದ್ದರಿಂದ ರಾಚಯ್ಯನವರು ನನ್ನನ್ನು ಹೊಲಕ್ಕೆ ಕರೆದೊಯ್ದರು. ಗುಡಿಸಲಿನ ಕಂಬಕ್ಕೆ ಆ ಗಂಟೆ ಹಚ್ಚಿತ್ತು. ಸೀಸದ ಗುಂಡು, ಬಳೆ ಎಲ್ಲ ತೆಗೆದುಹಾಕಿ, ಮನೆಯಿಂದ ಬದುವಿನ ಗುಂಟ ತಂತಿ ಎಳೆದು ಅಲ್ಲಿ ತಂದು ಹಚ್ಚಿದ್ದೆವು. ಒತ್ತುವ ಗುಂಡಿ ಇದ್ದದ್ದು ಕಸ್ತೂರಬಾಯಿಯ ತಲೆದಿಂಬಿನ ಹತ್ತಿರ. ಅದನ್ನು ಬೇಡಿದವರು ಯಾರೂ ಇಲ್ಲ. ಈ ಸಲ ಕೇಳುವ ಅಗತ್ಯವೂ ಬೀಳಲಿಲ್ಲ.

"ಬಾರಿಸ್ತದೇನ್ರೀ?" ಅಂದೆ.

"ಇನ್ನೂ ಒಮ್ಮಿನೂ ಬಾರಿಸಿಲ್ಲ. ತೊಟ್ಟಿಲ ತಯಾರ ಆದ ಕೂಡ್ಲೇ ಒತ್ತತೀನಿ ಅಂದಾಳ."

"ಪಾತ್ರಿ ಒಟ್ಟೂದು ಬಿಟ್ಟೀರಂತ?"

"ಕೊಡಾ ಎಲ್ಲಾ ಬಾಣಂತಿ ನೀರಿಗಿ ಹಿಡದಾರಲ್ಲೋ. ಒಟ್ಟಬೇಕಂದ್ರೂ ಸಿಗವಲ್ವು." ಅವರು ಬೇವಿನಕಡ್ಡಿ ಮುರಿದು, ಬಾಯಿಗೆ ಹಾಕದೆ, ಕೈಯಲ್ಲೇ ಹಿಡಿದು ನಿಂತರು. "ಹೆಸರು ಏನಿಡ್ತಾರೋ ಗೊತ್ತೇನು? ಪ್ರಯಾಗಾ ಅಂತ. ಬೀಗತಿನೇ ಅಂದ್ರು, ನಾ ಅಲ್ಲ."

ಅಷ್ಟರಲ್ಲಿ ಕಂಬದ ಮೇಲೆ ಟಾಕೀಸಿನ ಗಂಟೆ ಬಾರಿಸಿತು. ರಾಚಯ್ಯನವರು ಬೇವಿನಕಡ್ಡಿ ಬಿಸಾಕಿ, ಧೋತರದ ಚುಂಗು ಎತ್ತಿ ಹಿಡಿದು, ತೊಗರಿಯ ಸಾಲಿನ ನಡುವೆ ಓಡತೊಡಗಿದರು. ಟವೆಲು ಹೆಗಲಿನಿಂದ ಜಾರಿ ಬದುವಿನ ಮೇಲೆ ಬಿತ್ತು. ನಾನು ಅದನ್ನು ಎತ್ತಿಕೊಂಡು, ಮಣ್ಣು ಕೊಡವಿ, ಹಿಂದಿನಿಂದ ನಡೆದೆ.